ಪ್ಲೂರಸಿ ಎಂಬ ಮಾತು ನಮ್ಮೂರಿಗೆ ಬಂದದ್ದು

ಎರಡನೇ ಮಹಾಯುದ್ಧದ ಸುದ್ದಿ ಇನ್ನೂ ಹೊಸದಾಗಿದ್ದ ಕಾಲ. ನಾನು ಮದುವೆಯಾಗಿ ಬಂದ ಮರುವರ್ಷದ ಸುಗ್ಗಿ. ನನ್ನ ತವರು ಹಿರೇಕೆರೂರು ಸೀಮೆ, ಅಬಲೂರಿನ ಹತ್ತಿರ. ಜೋಳ ಬೆಳೆಯುವ ಒಣ ಹೊಲದ ಊರು. ಕೊಟ್ಟದ್ದು ಹಾನಗಲ್ಲ ತಾಲೂಕಿಗೆ, ಆಡೂರಿನಾಚೆಯ ಭತ್ತದ ಊರಿಗೆ. ಮನೆಯಲ್ಲಿ ಇದ್ದವರು ಅತ್ತೆ, ಗಂಡ, ನಾನು, ಮೂವರೇ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು.

ಕಣದಲ್ಲಿ ಮೊರ ಎತ್ತಿ ಭತ್ತ ತೂರುತ್ತಿದ್ದೆ. ಬಲಗಡೆಯ ಪಕ್ಕೆಯೊಳಗೆ ಯಾರೋ ದಬ್ಬಣ ಚುಚ್ಚಿದಂತಾಯಿತು. ಮೊರ ಕೆಳಗಿಟ್ಟು ನಿಂತೆ. ನಿಂತರೆ ಏನೂ ಇಲ್ಲ. ಉಸಿರು ಎಳೆದುಕೊಂಡರೆ ಮತ್ತೆ ಅದೇ ದಬ್ಬಣ. ಅರ್ಧ ಉಸಿರಿಗೇ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಗಾಳಿ ಕದ್ದು ಕುಡಿಯುವುದನ್ನು ಅಂದು ಕಲಿತೆ. ಅತ್ತೆಗೆ ಹೇಳಲಿಲ್ಲ. ಸುಗ್ಗಿಯ ನಡುವೆ ಹೊಸ ಸೊಸೆ ಮಲಗಿದರೆ ನೋಡಿದವರು ಏನಂದಾರು ಎಂಬ ಅಂಜಿಕೆ.

ಆದರೆ ಅತ್ತೆಗೆ ಹೇಳಬೇಕಾಗಿರಲಿಲ್ಲ. ನಾನು ಬಗ್ಗಿ ಕಸ ಹೊಡೆಯುವಾಗ ನಡುನಡುವೆ ನಿಲ್ಲುವುದನ್ನು ನೋಡಿ, ಕೈಯಿಂದ ಕಸಬರಿಗೆ ಕಸಿದುಕೊಂಡರು. ಉಪ್ಪು ಹುರಿದು ಅರಿವೆಯಲ್ಲಿ ಕಟ್ಟಿ ಪಕ್ಕೆಗೆ ಕಾವು ಕೊಟ್ಟರು. ಸಂಜೆಯಾದರೆ ಜ್ವರ ಏರುತ್ತಿತ್ತು, ಬೆಳಿಗ್ಗೆ ಇಳಿಯುತ್ತಿತ್ತು. ಕೆಲವು ದಿನ ಹೀಗೇ ನಡೆದು, ಒಂದು ಮುಂಜಾನೆ ಎದ್ದಾಗ ನೋವು ಇರಲಿಲ್ಲ. ನಾನೇ ನಂಬಲಿಲ್ಲ. ಅತ್ತೆ ದೇವರ ಮುಂದೆ ದೀಪ ಹಚ್ಚಿ, ನನ್ನ ಹಣೆಗೆ ವಿಭೂತಿ ಹಚ್ಚಿದರು. ನಮ್ಮವರು ಕಣದಿಂದ ಬಂದು ನನ್ನ ಮುಖ ನೋಡಿ ನಕ್ಕರು.

ನೋವು ಹೋದ ಜಾಗಕ್ಕೆ ಬೇರೆಯದೊಂದು ಬಂದು ಕುಳಿತಿತ್ತು. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು. ಎಡಕ್ಕೆ ಹೊರಳಿ ಮಲಗಿದರೆ ಎದೆಯ ಮೇಲೆ ಯಾರೋ ಕುಳಿತ ಹಾಗೆ. ಮಾತಿನ ನಡುವೆ ಉಸಿರು ಸಾಲದೆ ನಿಲ್ಲಿಸುತ್ತಿದ್ದೆ. ನೋವಿದ್ದಾಗ ಇಲ್ಲದ ಹೆದರಿಕೆ ಆಗ ಹುಟ್ಟಿತು. ಒಳಗೆ ಏನೋ ತುಂಬುತ್ತಿದೆ, ಅದು ತುಂಬಿ ಮೇಲೆ ಬಂದರೆ ನಾನು ಇರುವುದಿಲ್ಲ ಎಂದು ನನಗೆ ಅನಿಸತೊಡಗಿತು. ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ. ನಮ್ಮವರು ಗಾಡಿ ಕಟ್ಟಿ ಹಾನಗಲ್ಲ ದವಾಖಾನೆಗೆ ಕರೆದೊಯ್ದರು.

ಅಲ್ಲಿಯ ಡಾಕ್ಟರರು ಬೆನ್ನ ಮೇಲೆ ಒಂದು ಕೈ ಚಾಚಿ ಇಟ್ಟು, ಇನ್ನೊಂದು ಕೈಯ ಬೆರಳಿನಿಂದ ಅದರ ಮೇಲೆ ತಟ್ಟಿದರು. ಎಡಗಡೆ ತಟ್ಟಿದಾಗ ಬರಿದಾದ ಗಡಿಗೆಯ ಸದ್ದು. ಬಲಗಡೆ ಕೆಳಗೆ ಬಂದ ಹಾಗೆ ಅದು ಮಂದವಾಗಿ, ತುಂಬಿದ ಗಡಿಗೆಯ ಸದ್ದಾಯಿತು. ಅದನ್ನು ನನ್ನ ಕಿವಿಯೇ ಕೇಳಿತು. ಡಾಕ್ಟರರು ನನಗೆ ಏನೂ ಹೇಳದೆ ನಮ್ಮವರನ್ನು ಹೊರಗೆ ಕರೆದರು. ಆ ಕಾಲದಲ್ಲಿ ಹೆಂಗಸಿನ ಜಡ್ಡಿನ ಮಾತು ಹೆಂಗಸಿನ ಮುಂದೆ ಆಡುವ ರೂಢಿ ಇರಲಿಲ್ಲ. ಬಾಗಿಲ ಸಂದಿಯಿಂದ ನಮ್ಮವರ ಬೆನ್ನು ಕಾಣುತ್ತಿತ್ತು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

ದಾರಿಯುದ್ದಕ್ಕೂ ಅವರು ಎತ್ತುಗಳೊಡನೆ ಮಾತ್ರ ಮಾತಾಡಿದರು.

"ಏನಂದ್ರು?" ಎಂದು ಕೇಳಿದೆ.

"ಏನಿಲ್ಲ. ಸವಣೂರಿಗೆ ಹೋಗ್ರಿ ಅಂದ್ರು. ಅಲ್ಲಿ ದೊಡ್ಡ ಡಾಕ್ಟರ್ ಅದಾರಂತ."

ಏನಿಲ್ಲದವರನ್ನು ಸವಣೂರಿಗೆ ಯಾಕೆ ಕಳಿಸುತ್ತಾರೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮನೆಯ ಬಾಗಿಲಲ್ಲೇ ಅತ್ತೆ ಅದನ್ನೇ ಕೇಳಿದರು. ಪಕ್ಕದ ಮನೆಯಾಕೆ ಒಲೆಗೆ ಕೆಂಡ ಒಯ್ಯಲು ಬಂದು ಅಲ್ಲೇ ನಿಂತಿದ್ದಳು. ನಮ್ಮವರು ದಾರಿಯಲ್ಲೆಲ್ಲ ಆ ಮಾತನ್ನು ಬಾಯಲ್ಲಿ ಹೊರಳಿಸುತ್ತಾ ಬಂದಿರಬೇಕು. ಅಷ್ಟರಲ್ಲಿ ಅದರ ಅರ್ಧ ಉದುರಿಹೋಗಿತ್ತು.

"ಇಂಗ್ಲೀಷ್ ಹೆಸರು ಹೇಳಿದ್ರುಬೇ. ಪ್ಲೇ... ಪ್ಲೂ... ಅಂಥಾದೇನೋ ಅಂದ್ರು."

"ಪಿಳೇಗ?"

"ಅಲ್ಲಬೇ, ಅದಲ್ಲ. ಹಂಗ ಏನೋ ಐತಿ. ಅದ ಅಲ್ಲ."

ಆದರೆ 'ಅದಲ್ಲ' ಎನ್ನುವಾಗ ಅವರ ದನಿ ಗಟ್ಟಿಯಾಗಿರಲಿಲ್ಲ. ಕೆಂಡಕ್ಕೆ ಬಂದವಳು ಕೆಂಡ ಬಿಟ್ಟು ಹೋಗಿದ್ದಳು.

ಪ್ಲೇಗು ಎಂದರೆ ಇಂದಿನವರಿಗೆ ಒಂದು ಶಬ್ದ. ನಮ್ಮ ಕಡೆ ಅದು ಶಬ್ದವಾಗಿರಲಿಲ್ಲ. ಮಾಡಿನಿಂದ ಇಲಿ ಬಿದ್ದರೆ ಊರು ಬಿಡುತ್ತಿದ್ದರು. ಒಲೆಯ ಮೇಲಿನ ಅನ್ನ ಒಲೆಯ ಮೇಲೇ ಇರುತ್ತಿತ್ತು. ಹೊಲದಲ್ಲಿ ಜೋಪಡಿ ಹಾಕಿ, ಊರಿನ ಕಡೆ ಮುಖ ಮಾಡಿ ತಿಂಗಳುಗಟ್ಟಲೆ ಕೂಡುತ್ತಿದ್ದರು. ತಿರುಗಿ ಬಂದಾಗ ಕೆಲವು ಮನೆಗಳಲ್ಲಿ ಬಾಗಿಲು ತೆಗೆಯುವವರೇ ಇರುತ್ತಿರಲಿಲ್ಲ. ಕಂಕುಳಲ್ಲಿ, ತೊಡೆಸಂದಿನಲ್ಲಿ ಗಂಟು ಏಳುವ ಜ್ವರ ಅದು. ಗಂಟು ಎದ್ದವರು ಹೆಚ್ಚು ದಿನ ಇರುತ್ತಿರಲಿಲ್ಲ. ನಾನು ಅದನ್ನು ಕಂಡಿರಲಿಲ್ಲ. ನಮ್ಮ ಅತ್ತೆ ಕಂಡಿದ್ದರು.

ಮರುದಿನ ಯಾರದೋ ಹಿತ್ತಿಲಲ್ಲಿ ಸತ್ತ ಇಲಿ ಸಿಕ್ಕಿತು. ಬೆಕ್ಕು ಕಚ್ಚಿ ಬಿಟ್ಟ ಇಲಿಯೋ ಏನೋ, ಯಾರೂ ನೋಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿನ ಹಿರಿಯರು ಬಂದು ನಮ್ಮ ಅಂಗಳದಾಚೆ, ಬೇವಿನ ಮರದ ಕೆಳಗೆ ನಿಂತರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಅವರಲ್ಲಿ ಹಿರಿಯರಾದವರು ಬಾಯಿಗೆ ಶಲ್ಯ ಹಿಡಿದುಕೊಂಡೇ ಮಾತಾಡಿದರು.

"ತಪ್ಪು ತಿಳೀಬ್ಯಾಡ್ರಿ. ಮಂದಿ ಅಂಜ್ಯಾರ. ಸಣ್ಣ ಮಕ್ಕಳ ಮನಿ ಅದಾವು. ನಿಮ್ಮ ಹೊಲದಾಗ ಒಂದು ಜೋಪಡಿ ಹಾಕ್ಕೋರಿ. ಕಾಳುಕಡಿ ಬೇಕಾದ್ರ ನಾವು ಬದುವಿನ ಮ್ಯಾಲೆ ತಂದಿಡ್ತೇವಿ."

"ಅದಲ್ರಿ ಇದು. ಡಾಕ್ಟರ್ ಬ್ಯಾರೆ ಹೆಸರು ಹೇಳ್ಯಾರ," ಎಂದರು ನಮ್ಮವರು.

"ಏನ್ ಹೆಸರು?"

ನಮ್ಮವರ ಬಾಯಲ್ಲಿ ಹೆಸರು ಬರಲಿಲ್ಲ. ನಾನು ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ. ಆ ಹೆಸರು ಅವರಿಗೆ ನೆನಪಾಗಲಿ ಎಂದು ಬೇಡಿಕೊಂಡೆ. ನೆನಪಾಗಲಿಲ್ಲ.

ಸಂಜೆಯೊಳಗೆ ನಾವು ಹೊಲದಲ್ಲಿದ್ದೆವು. ಭತ್ತದ ಹುಲ್ಲು ಹೊದಿಸಿದ ಗಿಡ್ಡ ಜೋಪಡಿ. ಅತ್ತೆ ಬರುವುದಿಲ್ಲ, ಬರಬಾರದು ಎಂದು ನಾನು ಅಂದುಕೊಂಡಿದ್ದೆ. ನಮ್ಮವರೂ ಹಾಗೆಯೇ ಹೇಳಿದರು. "ನೀ ಊರಾಗ ಯಾರದರ ಮನ್ಯಾಗ ಇರಬೇ." ಅತ್ತೆ ತಲೆಯ ಮೇಲೆ ಹಾಸಿಗೆಯ ಸುರುಳಿ, ಕಂಕುಳಲ್ಲಿ ಗಡಿಗೆ ಹಿಡಿದು ಗಾಡಿಯ ಹಿಂದೆ ನಡೆದರು.

ಜೋಪಡಿಯಲ್ಲಿ ಮುಂಜಾನೆ, ಸಂಜೆ ಅತ್ತೆಯ ಕೈ ನನ್ನ ಕಂಕುಳೊಳಗೆ ಬರುತ್ತಿತ್ತು. ಬಿರುಸಾದ, ಸಗಣಿ, ಭತ್ತ, ಬೆಂಕಿ ಎಲ್ಲ ಮುಟ್ಟಿದ ಕೈ. ಮೊದಲು ಎಡ, ಆಮೇಲೆ ಬಲ, ಆಮೇಲೆ ತೊಡೆಸಂದು. ಒತ್ತಿ ಒತ್ತಿ ನೋಡುವರು. ನಾನು ಅವರ ಮುಖ ನೋಡುತ್ತಾ ಮಲಗಿರುತ್ತಿದ್ದೆ. ಆ ಮುಖ ಬದಲಾದರೆ ನನ್ನ ಬದುಕು ಮುಗಿಯಿತು ಎಂದು ಲೆಕ್ಕ. ಅವರ ಕೈ ಹೋದ ಮೇಲೆ ನನ್ನ ಕೈಯೇ ಅಲ್ಲಿಗೆ ಹೋಗುತ್ತಿತ್ತು. ಒಮ್ಮೆ ಪಕ್ಕೆಲುಬಿನ ತುದಿಯನ್ನೇ ಗಂಟೆಂದು ತಿಳಿದು ಚೀರಿದೆ. ಅತ್ತೆ ಹೊರಗಿನಿಂದ ಓಡಿ ಬಂದು ಮುಟ್ಟಿ ನೋಡಿ, "ಇದು ಎಲುವು ಮಗಳ. ಎಲ್ಲಾರಿಗೂ ಇರ್ತೈತಿ," ಎಂದರು.

ಒಂದು ಇಳಿಹೊತ್ತು ನಾನು ಕೇಳಿದೆ. "ಅತ್ತೀ, ನಿಮಗ ಅಂಜಿಕಿ ಆಗೂದಿಲ್ಲೇನ್ರಿ? ನನ್ನಿಂದ ನಿಮಗ ಹತ್ತಿದ್ರ?"

"ಅಂಜಿಕಿ ಆಗತೈತಿ. ಯಾಕ ಆಗೂದಿಲ್ಲ?" ಎಂದರು. ಒಲೆಗೆ ಕಟ್ಟಿಗೆ ದೂಡಿ, ತಾವಾಗಿಯೇ ಹೇಳಿದರು. "ನಾ ಸಣ್ಣಾಕಿ ಇದ್ದೆ. ನಮ್ಮಕ್ಕಗ ಗಂಟು ಎದ್ದಿತ್ತು. ಎಲ್ಲಾರೂ ಊರು ಬಿಟ್ರು. ಅಕಿ ಬಾಜೂಕ ಒಂದು ಚರಗಿ ನೀರಿಟ್ಟು, ನಮ್ಮಪ್ಪ ನನ್ನ ಹೆಗಲಮ್ಯಾಲೆ ಹಾಕ್ಕೊಂಡು ಹೊಂಟ. ನಾ ಹಿಂದಕ್ಕ ಮುಖಾ ಮಾಡಿದ್ದೆ. ಬಾಗಲದಾಗ ಅಕಿ ಕುಂತಿದ್ಲು. ಕರೀಲಿಲ್ಲ, ಅಳಲಿಲ್ಲ. ನೋಡಾಕತ್ತಿದ್ಲು." ಮತ್ತೆ ಕಟ್ಟಿಗೆ ದೂಡಿದರು. "ಸುಮ್ನ ಮಲಗ ನೀ."

ಅವರು ಅದು ಪ್ಲೇಗೇ ಎಂದು ನಂಬಿದ್ದರು. ನಂಬಿಯೂ ನನ್ನ ಪಕ್ಕದಲ್ಲಿ ಮಲಗುತ್ತಿದ್ದರು. ಈಗ ನನಗೆ ಆಗಿನ ಅವರಿಗಿಂತ ಹೆಚ್ಚು ವಯಸ್ಸಾಗಿದೆ. ಇಷ್ಟು ವಯಸ್ಸಾದರೂ ಅಂಥದು ನನ್ನಿಂದ ಆಗುತ್ತಿತ್ತೇ ಎಂದು ಹೇಳಲಾರೆ.

ದಿನ ಕಳೆದರೂ ಗಂಟು ಏಳಲಿಲ್ಲ. ಅವರಿಬ್ಬರಿಗೂ ಜ್ವರ ಬರಲಿಲ್ಲ. ಆದರೆ ನನ್ನ ಉಸಿರು ಮಾತ್ರ ಕುತ್ತಿಗೆಯವರೆಗೆ ಬಂದು ನಿಂತಿತ್ತು. ಮಲಗಲು ಆಗದೆ, ಹುಲ್ಲಿನ ಹೊರೆಗೆ ಒರಗಿ ಕೂತೇ ಇರುತ್ತಿದ್ದೆ. ತುಟಿಯ ಬಣ್ಣ ತಿರುಗಿದ್ದನ್ನು ನೋಡಿದ ಅತ್ತೆ ಮಗನನ್ನು ಕರೆದರು.

"ಇಷ್ಟು ದಿನಾ ಆತು, ಗಂಟಿಲ್ಲ. ಇದು ಪಿಳೇಗ ಇರಲಿ, ಬ್ಯಾರೆ ಇರಲಿ, ಇಲ್ಲೆ ಕುಂತ್ರ ಹುಡುಗಿ ಉಳಿಯೂದಿಲ್ಲ. ಗಾಡಿ ಕಟ್ಟು."

"ದಾರ್ಯಾಗ ಏನರ ಆದ್ರ?"

"ಇಲ್ಲೆ ಆದ್ರ?"

ಗಾಡಿಯಲ್ಲಿ ಹುಲ್ಲು ತುಂಬಿ ನನ್ನನ್ನು ಕೂರಿಸಿದರು. ಬೆಳಕು ಹರಿಯುತ್ತಲೇ ಹೊರಟರೂ ಬಂಕಾಪುರ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಯ ಬಾವಿಯ ಹತ್ತಿರ ಗಾಡಿ ಬಿಟ್ಟೆವು. ನೀರು ಸೇದುತ್ತಿದ್ದ ಹೆಂಗಸರು ನನ್ನ ಸ್ಥಿತಿ ನೋಡಿ ಅಯ್ಯೋ ಪಾಪ ಎಂದು ಜಾಗ ಬಿಟ್ಟರು. ಒಬ್ಬಾಕೆ ಚರಿಗೆಯಲ್ಲಿ ನೀರು ತುಂಬಿ ಕೈ ಚಾಚಿದಳು. ಅಷ್ಟರಲ್ಲಿ ಸಂತೆಗೆ ಬಂದಿದ್ದ ನಮ್ಮೂರಿನವನೊಬ್ಬ ನಮ್ಮ ಗಾಡಿ ಗುರುತಿಸಿದ.

"ಏ, ದೂರ ಸರೀರಿ! ಪಿಳೇಗಿನ ಮನಿಯವ್ರು ಅವರು!"

ಚಾಚಿದ ಕೈ ಹಿಂದಕ್ಕೆ ಹೋಯಿತು. ಚರಿಗೆಯ ನೀರನ್ನು ಆಕೆ ನೆಲಕ್ಕೆ ಚೆಲ್ಲಿದಳು. ಹೆಂಗಸರು ಕೊಡ ಎತ್ತಿಕೊಂಡರು, ಒಬ್ಬಾಕೆ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು. ಗಂಡಸರಿಬ್ಬರು ಕೋಲು ಹಿಡಿದು ನಮ್ಮ ಎತ್ತುಗಳ ಕಡೆ ಬಂದರು. ನಮ್ಮವರು ಎತ್ತುಗಳನ್ನು ಹೊಡೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ಅಂದು ಹೊಡೆದರು. ಗಾಡಿ ಗಡಗಡ ಓಡಿದಾಗ ನನಗೆ ಉಸಿರು ಪೂರ್ತಿ ನಿಂತಂತಾಗಿ, ಅತ್ತೆಯ ಸೆರಗು ಹಿಡಿದು ಬಾಯಿ ತೆರೆದೆ, ಸದ್ದು ಬರಲಿಲ್ಲ. ಆ ಮಧ್ಯಾಹ್ನ ಸಾಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಸಾಯುವ ಹೆದರಿಕೆಗಿಂತ, ಆ ದಾರಿಯಲ್ಲಿ ಸತ್ತರೆ ನನ್ನನ್ನು ಯಾವ ಊರಿನವರೂ ಮಣ್ಣಿಗೆ ಇಡಗೊಡುವುದಿಲ್ಲ ಎಂಬ ಹೆದರಿಕೆ ದೊಡ್ಡದಾಗಿತ್ತು.

ಸವಣೂರಿನಲ್ಲಿ ನಮ್ಮನ್ನು ಯಾರೂ ಗುರುತಿಸಲಿಲ್ಲ. ದೊಡ್ಡ ಹುಣಸೆಮರಗಳ ದಾರಿ ಕೇಳಿಕೊಂಡು, ಅಲ್ಲಿಂದ ಡಾಕ್ಟರರ ಮನೆ ಹುಡುಕಿದೆವು. ಮಧ್ಯವಯಸ್ಸಿನವರು, ಮೆತ್ತಗಿನ ಮಾತು. ನನ್ನ ಬೆನ್ನು ತಟ್ಟಿ, ಕೊಳವೆ ಇಟ್ಟು ಕೇಳಿ, ಹಾನಗಲ್ಲಿನಲ್ಲಿ ಏನೆಂದರು ಎಂದು ಕೇಳಿದರು. ನಮ್ಮವರು ತಲೆ ತಗ್ಗಿಸಿದರು. ಅತ್ತೆಯೇ ಹೇಳಿದರು, "ಪಿಳೇಗ ಅಂದ್ರಂತ್ರಿ, ಸಾಹೇಬ್ರ."

"ಪ್ಲೇಗ್ ಅಂದಿರ್ಲಿಕ್ಕಿಲ್ಲ. ಪ್ಲೂರಸಿ ಅಂದ್ರೇನು?"

ನಮ್ಮವರು ತಲೆ ಎತ್ತಿದರು. "ಹೌದ್ರಿ! ಅದ! ಅದ ಅಂದ್ರು!" ಎಂದು ಕೂಗಿಯೇಬಿಟ್ಟರು. ಕೂಗಿದವರು ಅಲ್ಲೇ ನೆಲಕ್ಕೆ ಕುಸಿದು ಕುಳಿತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಹೊಲದ ಜೋಪಡಿ, ಬಂಕಾಪುರದ ಬಾವಿ, ಎಲ್ಲವನ್ನೂ ಅತ್ತೆ ಹೇಳಿದ ಮೇಲೆ ಡಾಕ್ಟರರ ಮುಖ ಗಂಭೀರವಾಯಿತು. ತಮ್ಮ ಧೋತರದ ಅಂಚನ್ನು ಎರಡು ಪದರ ಮಡಿಸಿ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ತೋರಿಸಿದರು.

"ನೋಡ್ರಿ ಇಲ್ಲೆ. ಎದಿಯೊಳಗ ಉಸಿರಿನ ಚೀಲ ಅದ, ಶ್ವಾಸಕೋಶ. ಅದರ ಮ್ಯಾಲೆ ಒಂದು ತೆಳು ಪದರ. ಪಕ್ಕಿ ಎಲುವಿನ ಒಳಗಿನ ಮೈಗೆ ಇನ್ನೊಂದು. ಉಸಿರಾಡಿದಾಗೊಮ್ಮೆ ಹಿಂಗ ಒಂದರ ಮ್ಯಾಲೊಂದು ಜಾರ್ತಾವ. ಆ ಪದರಿನ ಹೆಸರು ಪ್ಲೂರಾ. ಅದಕ್ಕ ಬಾವು ಬಂದ್ರ ಅದು ಪ್ಲೂರಸಿ. ಪ್ಲೇಗಿಗೂ ಇದಕ್ಕೂ ಸಂಬಂಧ ಇಲ್ಲ."

"ಮತ್ತ ನೋವು ತಾನ ಹೋತಲ್ರಿ?" ಎಂದು ನಾನೇ ಕೇಳಿದೆ. ಉಸಿರಿಲ್ಲದೆ ತುಂಡು ತುಂಡಾಗಿ ಕೇಳಿದೆ. ಡಾಕ್ಟರರೊಬ್ಬರನ್ನು ನಾನು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು.

"ಬಾವು ಬಂದ ಪದರು ಒಂದಕ್ಕೊಂದು ತಿಕ್ಕಿದಾಗ ಚುಚ್ಚತದ. ಆಮ್ಯಾಲೆ ನಡುವ ನೀರು ತುಂಬಿತು. ತಿಕ್ಕೂದು ನಿಂತಿತು, ನೋವು ಹೋತು. ಆದ್ರ ಆ ನೀರು ಉಸಿರಿನ ಚೀಲಾನ ಅದುಮಿ ಹಿಡದದ. ಅದಕ್ಕ ನಿಮಗ ದಮ್ಮು. ಸೂಜಿ ಹಾಕಿ ನೀರು ತಗೀತೇನಿ. ಅಂಜಬ್ಯಾಡ್ರಿ."

ಅಂಜಬ್ಯಾಡ್ರಿ ಎಂದರೆ ಅಂಜಿಕೆ ಹೋಗುವುದಿಲ್ಲ. ಸೂಜಿ ನಾನು ಅದುವರೆಗೆ ಕಂಡ ಯಾವ ಸೂಜಿಯ ಹಾಗೂ ಇರಲಿಲ್ಲ. ಕುರ್ಚಿಯ ಮೇಲೆ ಹಿಂದುಮುಂದಾಗಿ ಕೂರಿಸಿ, ಕುರ್ಚಿಯ ಬೆನ್ನನ್ನು ಅಪ್ಪಿಕೊಳ್ಳಲು ಹೇಳಿದರು. ಅತ್ತೆ ನನ್ನ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು. ಬೆನ್ನಿನಲ್ಲಿ ಸುಟ್ಟ ಹಾಗಾಯಿತು, ಆಮೇಲೆ ಒಳಗಿನದೇನೋ ಸೀಳಿದ ಹಾಗಾಯಿತು. ಕೊಳವೆಯಿಂದ ತಿಳಿಹಳದಿ ನೀರು ಪಾತ್ರೆಗೆ ಇಳಿಯುವ ಸದ್ದು ಕೇಳುತ್ತಿತ್ತು. ನನ್ನ ಮೈಯೊಳಗಿನ ಸದ್ದು ಅದು. ಪಾತ್ರೆ ತುಂಬುತ್ತಾ ಬಂದ ಹಾಗೆ, ಎಷ್ಟೋ ದಿನಗಳ ಮೇಲೆ, ಗಾಳಿ ಪಕ್ಕೆಯ ಬುಡದವರೆಗೆ ಇಳಿಯಿತು. ಕೆಮ್ಮು ಬಂತು, ಅಳು ಬಂತು.

ಕೈ ತೊಳೆದುಕೊಂಡ ಡಾಕ್ಟರರು ನಮ್ಮವರಿಗೆ ಬಾಗಿಲ ಕಡೆ ಸನ್ನೆ ಮಾಡಿದರು. ನಮ್ಮವರು ಏಳುವಷ್ಟರಲ್ಲಿ ಅತ್ತೆ ಅಡ್ಡ ನಿಂತರು.

"ಹೊರಗ ಬ್ಯಾಡ್ರಿ, ಸಾಹೇಬ್ರ. ಇಲ್ಲೇ ಹೇಳ್ರಿ, ಅಕಿ ಮುಂದ. ಹೊರಗ ಹೇಳಿದ ಮಾತು ನಮ್ಮನ್ನ ಊರು ಬಿಡಿಸೇತಿ."

ಡಾಕ್ಟರರು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತರು.

"ಇಂಥಾ ನೀರು ಸುಮ್ನ ಬರೂದಿಲ್ಲ. ಭಾಳ ಮಂದಿಗೆ ಕ್ಷಯದ ಕ್ರಿಮಿಯಿಂದ ಬರತದ. ನಿಮಗೂ ಅದ ಇರಬಹುದು, ಇರ್ಲಿಕ್ಕೂ ಇಲ್ಲ. ಕಫಾ ಹುಬ್ಬಳ್ಳಿಗೆ ಕಳಿಸಿ ನೋಡೂಣು."

ಕ್ಷಯ. ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸವೆಯುವುದು, ಕರಗುವುದು ಎಂದು ಆ ಮಾತೇ ಹೇಳುತ್ತಿತ್ತು. ಪ್ಲೇಗು ಸುಳ್ಳಾಗಿ ಇನ್ನೂ ಗಳಿಗೆ ಕಳೆದಿರಲಿಲ್ಲ. ಅದರ ಜಾಗದಲ್ಲಿ ಇದು ಬಂದು ನಿಂತಿತು. ಆ ಕಾಲಕ್ಕೆ ಅದಕ್ಕೆ ಮದ್ದು ಇರಲಿಲ್ಲ. ಹಾಲು, ಬಿಸಿಲು, ವಿಶ್ರಾಂತಿ, ಅಷ್ಟೇ. ನನ್ನ ಮುಂದೆ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಅತ್ತೆಯ ಮೇಲೆ ಸಿಟ್ಟೂ ಬಂತು.

ಸವಣೂರಿನಲ್ಲೇ ಒಂದು ಕೋಣೆ ಹಿಡಿದು ಉಳಿದೆವು. ಒಂದು ಮಧ್ಯಾಹ್ನ ನಮ್ಮವರು ಡಾಕ್ಟರರ ಮನೆಯಿಂದ ಬಂದು ಕಟ್ಟೆಯ ಮೇಲೆ ಕುಳಿತರು, ಒಳಗೆ ಬರಲಿಲ್ಲ. ಡಾಕ್ಟರರು ಹೊರಗೆ ಹೋಗಿದ್ದರಂತೆ, ಅವರ ಸಹಾಯಕ 'ನೆಗೆಟಿವ್ ಬಂದದ' ಎಂದಷ್ಟೇ ಹೇಳಿದನಂತೆ. ನಮ್ಮವರಿಗೆ ಆ ಶಬ್ದ ಗೊತ್ತಿತ್ತು. ಶಿಗ್ಗಾಂವಿಯಲ್ಲಿ ಮದುವೆಯ ಫೋಟೋ ತೆಗೆಸಿದಾಗ ಫೋಟೋದವನು ನೆಗೆಟಿವ್ ಎಂದು ಒಂದು ಗಾಜು ತೋರಿಸಿದ್ದ. ಅದರಲ್ಲಿ ನನ್ನ ಮುಖ ಇದ್ದಿಲಿನ ಹಾಗೆ ಕಪ್ಪಾಗಿತ್ತು, ಕಣ್ಣಿನ ಪಾಪೆ ಬೆಳ್ಳಗಿತ್ತು.

"ಒಳಗೆಲ್ಲಾ ಕಪ್ಪಾಗೇತಿ ಅಂತ ಕಾಣತೈತಿ," ಎಂದರು ತಾಯಿಯ ಹತ್ತಿರ, ಮೆಲ್ಲಗೆ. ನನಗೆ ಕೇಳಿಸಿತು. ಸಂಜೆಯವರೆಗೆ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನನ್ನೊಳಗಿನ ಎರಡು ಚೀಲಗಳು ಇದ್ದಿಲಾಗಿರುವುದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು, ತೆರೆದರೂ ಕಾಣುತ್ತಿತ್ತು.

ಅಂದು ಸಂಜೆ ಡಾಕ್ಟರರು ತಾವೇ ನಮ್ಮ ಕೋಣೆಗೆ ಬಂದರು. ನೆಗೆಟಿವ್ ಎಂದರೆ ಇಲ್ಲ ಎಂದು ಅರ್ಥ, ಕಫದಲ್ಲಿ ಕ್ರಿಮಿ ಕಾಣಲಿಲ್ಲ ಎಂದರು. ಅತ್ತೆ ಕೈಮುಗಿದರು. ಆದರೆ ಡಾಕ್ಟರರು ಸುಳ್ಳು ಸಮಾಧಾನ ಹೇಳುವವರಲ್ಲ.

"ಕಾಣ್ಲಿಲ್ಲ ಅಂದ್ರ ಇಲ್ಲವೇ ಇಲ್ಲ ಅಂತ ನಾ ಹೇಳಲಾರೆ. ಒಂದು ವರ್ಷ ಭಾರಾ ಎತ್ತಬ್ಯಾಡ್ರಿ. ತೂಕ ಇಳದ್ರ, ಸಂಜಿ ಜ್ವರಾ ಬಂದ್ರ, ಕೆಮ್ಮಿದಾಗ ರಕ್ತ ಕಂಡ್ರ ತಟ್ನ ಬರ್ರಿ. ವರ್ಷ ಮುಗಿಯೂತನಾ ಕೂಸಿನ ವಿಚಾರ ಬ್ಯಾಡ."

ಹೀಗೆ ಅರ್ಥ ಗೊತ್ತಾದ ಹೆದರಿಕೆಯೊಂದಿಗೆ ಊರಿಗೆ ಬಂದೆವು. ನಮ್ಮವರು ಮನೆ ಮನೆಗೆ ಹೋಗಿ ಪ್ಲೂರಸಿ ಎಂದರೇನೆಂದು ಧೋತರ ಮಡಿಸಿ ತೋರಿಸಿ ಬಂದರು. ಮಂದಿ ತಲೆಯಾಡಿಸಿದರು. ಹೆಂಗಸರು ಬಾವಿಯಲ್ಲಿ ಅತ್ತೆ ನಮ್ಮ ಕೊಡ ಎತ್ತಿಕೊಂಡು ಸರಿದ ಮೇಲೆಯೇ ತಮ್ಮ ಹಗ್ಗ ಬಿಡುತ್ತಿದ್ದರು, ಬಹಳ ತಿಂಗಳು.

ಪಂಚಮಿಗೆ ತವರಿಗೆ ಹೋದೆ. ಅವ್ವ ಬಾಗಿಲಲ್ಲಿ ಅಪ್ಪಿಕೊಂಡು ಅತ್ತಳು. ಉಂಡಿ ಮಾಡಿದ್ದಳು. ಊಟಕ್ಕೆ ಕುಳಿತಾಗ ನನ್ನ ಮುಂದೆ ಬೇರೆ ತಾಟು, ಬೇರೆ ತಂಬಿಗೆ ಬಂತು. ತಮ್ಮಂದಿರಿಂದ ದೂರ, ತೊಲೆಬಾಗಿಲ ಹತ್ತಿರ ಮಣೆ ಹಾಕಿದ್ದಳು. ಕ್ಷಯದ ಮಾತು ಅವಳ ಕಿವಿಗೂ ಬಿದ್ದಿತ್ತು. ಅವ್ವ ನನ್ನ ಕಣ್ಣು ನೋಡಲಿಲ್ಲ. "ಸಣ್ಣ ಹುಡುಗ್ರು ಅದಾವಲ್ಲವಾ," ಎಂದಳು. ನಾನು ಅವಳನ್ನು ಬಯ್ಯಲಿಲ್ಲ. ಅವಳ ಅಂಜಿಕೆ ನನ್ನದೇ ಅಂಜಿಕೆ. ಮರುದಿನವೇ ಅಪ್ಪನಿಗೆ ಹೇಳಿ ಗಾಡಿ ಕಟ್ಟಿಸಿದೆ.

ಸಂಜೆಯಾಗುತ್ತಲೇ ಹಣೆ ಮುಟ್ಟಿ ನೋಡಿಕೊಳ್ಳುವುದು, ಉಗುಳಿದರೆ ಬಗ್ಗಿ ಬಣ್ಣ ನೋಡುವುದು, ಬಳೆ ಸಡಿಲಾಯಿತೇ ಎಂದು ತಿರುಗಿಸುವುದು. ವರ್ಷ ಹೀಗೇ ಕಳೆಯಿತು. ಬಳೆ ಸಡಿಲಾಗಲಿಲ್ಲ. ಡಾಕ್ಟರರು ಮತ್ತೆ ಬೆನ್ನು ತಟ್ಟಿ, ಎರಡೂ ಕಡೆ ಒಂದೇ ಸದ್ದು ಎಂದರು. ಇನ್ನೂ ಸ್ವಲ್ಪ ಕಾಲದ ಮೇಲೆ ಮಗಳು ಹುಟ್ಟಿದಳು. ಹೆರಿಗೆಯ ನೋವಿನ ನಡುವೆಯೂ ನನ್ನ ಗಮನವೆಲ್ಲ ಉಸಿರಿನ ಮೇಲಿತ್ತು. ಸೂಲಗಿತ್ತಿ ಕೂಸನ್ನು ತೊಳೆದು ಪಕ್ಕದಲ್ಲಿ ಮಲಗಿಸಿದಳು. ನನ್ನ ಬಾಯಿಯ ಗಾಳಿ ಅದಕ್ಕೆ ತಾಗೀತೆಂದು ನಾನು ಮುಖ ಆಚೆ ತಿರುಗಿಸಿದೆ. ಅತ್ತೆ ನನ್ನ ಗದ್ದ ಹಿಡಿದು ಮೆಲ್ಲಗೆ ಈಚೆಗೆ ತಿರುಗಿಸಿ, "ನೋಡವಾ ನಿನ್ನ ಮಗಳ್ನ," ಎಂದರು. ಉಸಿರು ಬಿಗಿಹಿಡಿದೇ ನೋಡಿದೆ.